ಪೂರ್ವದ ಕಿಟಕಿ, ಮಧ್ಯಾಹ್ನದ ಬೆಳಕು: ಊಟದ ಚಿತ್ರಗಳಲ್ಲಿ ನನ್ನದೇ ಶೈಲಿ ಸಿಕ್ಕ ಬಗೆ

ರಾಗಿಮುದ್ದೆಯ ಫೋಟೋ ಚೆನ್ನಾಗಿ ಬರುವುದಿಲ್ಲ ಎಂಬುದು ನಮ್ಮ ವೃತ್ತಿಯಲ್ಲಿ ಬಹಳ ಕಾಲದಿಂದ ನಡೆದುಬಂದಿರುವ ಮಾತು. ಮುದ್ದೆ, ಬಸ್ಸಾರು, ಹುರುಳಿ ಸಾರು ಇವೆಲ್ಲ ಕಪ್ಪು ಮತ್ತು ಕಂದು ಬಣ್ಣದ ಪದಾರ್ಥಗಳು. ಬಿಳಿ ಹಿನ್ನೆಲೆಯ ಮೇಲಿಟ್ಟು ಎರಡು ಕಡೆಯಿಂದ ಬೆಳಕನ್ನು ಹರಡಿ ಮೃದುವಾಗಿಸುವ ಸಾಫ್ಟ್‌ಬಾಕ್ಸ್ ಹಾಕಿದರೆ ಅವುಗಳ ಜೀವವೇ ಹೋಗುತ್ತದೆ. ಇಂಥ ಊಟವನ್ನೇ ಹಿಡಿದು, ನೆರಳನ್ನು ತೆಗೆಯದೆ ಉಳಿಸಿಕೊಂಡು ಒಂದು ಶೈಲಿ ಮಾಡಿಕೊಳ್ಳುತ್ತೇನೆಂದು ನಾನು ಹೇಳಿದಾಗ ಜೊತೆಯ ಛಾಯಾಗ್ರಾಹಕರಲ್ಲಿ ಒಬ್ಬರೂ ಒಪ್ಪಲಿಲ್ಲ. ಕಳೆದ ಚಳಿಗಾಲದಲ್ಲಿ ಬಸವನಗುಡಿ ಕಡೆಯ ಮುದ್ದೆ ಊಟದ ಹೋಟೆಲಿನವರು ತಮ್ಮ ಇಡೀ ಮೆನುವನ್ನು ನನ್ನ ರೀತಿಯಲ್ಲಿಯೇ ತೆಗೆಸಿಕೊಂಡರು, ಆಮೇಲೆ ಅದನ್ನು ನೋಡಿಯೇ ಇನ್ನೂ ಮೂರು ನಾಲ್ಕು ಕಡೆಯಿಂದ ಕರೆ ಬಂತು. ಅಂದು ಬೇಡವೆಂದಿದ್ದ ಸ್ನೇಹಿತರೇ ಈಗ ಹೇಗೆ ಮಾಡಿದಿರಿ ಎಂದು ಕೇಳುತ್ತಿರುವುದರಿಂದ ಇದನ್ನು ಬರೆಯುತ್ತಿದ್ದೇನೆ.

ಮೊದಲು ಹಣದ ವಿಷಯ. ಮನೆಗೆ ಊಟ ತಲುಪಿಸುವ ಆ್ಯಪ್‌ಗಳಿಗೆ ಬೇಕಾದ ಚಿತ್ರಗಳನ್ನು ನಾನು ಕೆಲವು ವರ್ಷ ತೆಗೆದಿದ್ದೇನೆ. ಒಂದು ತಿನಿಸಿಗೆ 150ರಿಂದ 200 ರೂಪಾಯಿ, ದಿನಕ್ಕೆ ಮೂವತ್ತು ನಲವತ್ತು ತಿನಿಸು, ಎಲ್ಲವೂ ಮೇಲಿನಿಂದ ನೇರವಾಗಿ, ಎಲ್ಲವೂ ಬಿಳಿ. ಹೊಟ್ಟೆಪಾಡಿಗೆ ಅದು ಸಾಕಾಗುತ್ತಿತ್ತು, ಆದರೆ ತೆಗೆದವರು ಯಾರೆಂದು ಆ ಚಿತ್ರಗಳನ್ನು ನೋಡಿ ಹೇಳಲು ಸಾಧ್ಯವಿರಲಿಲ್ಲ. ಶೈಲಿಯನ್ನು ದುಡ್ಡು ಕೊಟ್ಟು ತರಬಹುದೇನೋ ಎಂದು ಚಿತ್ರ ತಿದ್ದುವ ತಂತ್ರಾಂಶವಾದ ಲೈಟ್‌ರೂಮ್‌ನ ಪ್ರೀಸೆಟ್‌ಗಳಿಗೆ (ಬಣ್ಣ, ಬೆಳಕನ್ನು ಒಮ್ಮೆಲೇ ಬದಲಿಸುವ ಸಿದ್ಧ ಹೊಂದಿಕೆಗಳು) ಸುಮಾರು ಐದಾರು ಸಾವಿರ, ಅಮೃತಶಿಲೆಯ ಮತ್ತು ಹಳೆಯ ಮರದ ಚಿತ್ರವಿರುವ ವಿನೈಲ್ ಹಾಳೆಗಳಿಗೆ ಎಂಟು ಒಂಬತ್ತು ಸಾವಿರ ಖರ್ಚು ಮಾಡಿದೆ. ಪ್ರೀಸೆಟ್‌ಗಳೆಲ್ಲ ಬೇರೆ ದೇಶದ ಬೆಳಕಿಗೆ, ಬೇರೆ ಬಗೆಯ ಆಹಾರಕ್ಕೆ ಮಾಡಿದಂಥವು. ಅವುಗಳಲ್ಲಿ ನಮ್ಮ ಅರಿಶಿನ ಕಿತ್ತಳೆಯಾಗುತ್ತದೆ, ಕೊತ್ತಂಬರಿ ಸೊಪ್ಪು ಒಣಗಿದಂತೆ ಕಾಣುತ್ತದೆ. ವಿನೈಲ್ ಹಾಳೆಯಂತೂ ಪಕ್ಕದ ಬೆಳಕು ಬಿದ್ದ ಕೂಡಲೇ ಹೊಳೆದು ತಾನು ಪ್ಲಾಸ್ಟಿಕ್ ಎಂಬುದನ್ನು ತೋರಿಸಿಬಿಡುತ್ತದೆ.

ಉತ್ತರದ ಕಿಟಕಿಯ ಕಥೆಯನ್ನು ಸ್ವಲ್ಪ ವಿವರವಾಗಿಯೇ ಹೇಳಬೇಕು. ದಿನವಿಡೀ ಸಮನಾದ ಬೆಳಕು ಬೇಕಾದರೆ ಉತ್ತರಕ್ಕೆ ಮುಖ ಮಾಡಿದ ಕಿಟಕಿ ಹುಡುಕಿ ಎಂದು ಎಲ್ಲ ಪಾಠಗಳಲ್ಲಿಯೂ ಹೇಳುತ್ತಾರೆ. ಅದನ್ನು ನಂಬಿ, ಬಾಡಿಗೆ ನಾಲ್ಕು ಸಾವಿರದಷ್ಟು ಹೆಚ್ಚಾದರೂ ಪರವಾಗಿಲ್ಲವೆಂದು ಹನುಮಂತನಗರದಲ್ಲಿ ಅಂಥದ್ದೇ ಒಂದು ಮೊದಲ ಮಹಡಿಯ ಮನೆ ಹಿಡಿದೆ. ಬೆಂಗಳೂರು ಇರುವುದು ಸುಮಾರು 13 ಡಿಗ್ರಿ ಉತ್ತರ ಅಕ್ಷಾಂಶದಲ್ಲಿ. ಇಲ್ಲಿ ಏಪ್ರಿಲ್ 24ರ ಹೊತ್ತಿಗೆ ಒಮ್ಮೆ, ಆಗಸ್ಟ್ 18ರ ಹೊತ್ತಿಗೆ ಇನ್ನೊಮ್ಮೆ ಶೂನ್ಯ ನೆರಳಿನ ದಿನ, ಅಂದರೆ ಮಧ್ಯಾಹ್ನದ ಸೂರ್ಯ ನೇರ ನೆತ್ತಿಯ ಮೇಲಿರುವ ದಿನ, ಬರುತ್ತದೆ, ಈ ಎರಡರ ನಡುವಿನ ಸುಮಾರು ನಾಲ್ಕು ತಿಂಗಳು ಮಧ್ಯಾಹ್ನದ ಸೂರ್ಯ ನಮ್ಮ ನೆತ್ತಿಗಿಂತ ಉತ್ತರದಲ್ಲಿರುತ್ತಾನೆ. ಜೂನ್ ತಿಂಗಳಲ್ಲಿ ಸೂರ್ಯ ಹುಟ್ಟುವುದು ನೇರ ಪೂರ್ವಕ್ಕಿಂತ ಇಪ್ಪತ್ತು ಇಪ್ಪತ್ತನಾಲ್ಕು ಡಿಗ್ರಿಯಷ್ಟು ಉತ್ತರಕ್ಕೆ, ಮುಳುಗುವುದೂ ಹಾಗೆಯೇ. ಆದ್ದರಿಂದ ಬೆಳಿಗ್ಗೆ ಮತ್ತು ಸಂಜೆ ಬಿಸಿಲು ಓರೆಯಾಗಿ ಉತ್ತರದ ಕಿಟಕಿಯೊಳಗೇ ನುಗ್ಗುತ್ತದೆ. ಯುರೋಪಿನ ಸ್ಟುಡಿಯೋಗಳಿಗೆ ಹೇಳಿದ ಮಾತು ಇಲ್ಲಿ ವರ್ಷವಿಡೀ ನಡೆಯುವುದಿಲ್ಲ. ಅದೇ ಮನೆಯಲ್ಲಿ ಪೂರ್ವಕ್ಕೊಂದು ಸಣ್ಣ ಕಿಟಕಿಯಿತ್ತು. ಹನ್ನೆರಡೂಮುಕ್ಕಾಲು ಕಳೆದ ಮೇಲೆ ವರ್ಷದ ಯಾವ ದಿನವೂ ಅದರೊಳಗೆ ನೇರ ಬಿಸಿಲು ಬರುವುದಿಲ್ಲ. ಬಿಸಿ ಊಟ ಅಡುಗೆಮನೆಯಿಂದ ಹೊರಗೆ ಬರುವುದೂ ಆ ಹೊತ್ತಿಗೇ.

ಇನ್ನು ಶೈಲಿ ಸಿಕ್ಕ ವಿಚಾರ. ನಾನು ಅದನ್ನು ಹೊರಗೆ ಹುಡುಕುವುದನ್ನು ನಿಲ್ಲಿಸಿ, ನನ್ನ ಹಾರ್ಡ್ ಡಿಸ್ಕಿನಲ್ಲಿದ್ದ ಚಿತ್ರಗಳಲ್ಲಿ ಇನ್ನೂರರಷ್ಟನ್ನು ಲ್ಯಾಬಿನಲ್ಲಿ ಪೋಸ್ಟ್‌ಕಾರ್ಡ್ ಗಾತ್ರಕ್ಕೆ ಪ್ರಿಂಟ್ ಹಾಕಿಸಿದೆ. ಎರಡು ಸಾವಿರದ ಆಸುಪಾಸು ಆಗಿರಬೇಕು. ಅವನ್ನು ನೆಲದ ಮೇಲೆ ಹರಡಿ, ಗಿರಾಕಿ ಹೇಳಿ ತೆಗೆಸಿದ್ದನ್ನೆಲ್ಲ ಎತ್ತಿಟ್ಟೆ, ಬೇರೆಯವರ ಚಿತ್ರ ನೋಡಿ ತೆಗೆದದ್ದನ್ನೆಲ್ಲ ಎತ್ತಿಟ್ಟೆ. ಕೊನೆಗೆ ಉಳಿದವು ಇಪ್ಪತ್ತು ಇಪ್ಪತ್ತೈದು. ಹೆಚ್ಚಿನವು ಮನೆಯಲ್ಲಿ ಊಟಕ್ಕೆ ಕುಳಿತಾಗ, ಕೈ ತೊಳೆಯುವ ಮೊದಲು ತೆಗೆದಂಥವು. ಪರದೆಯ ಮೇಲೆ ಒಂದೊಂದಾಗಿ ನೋಡುವಾಗ ಕಾಣದ ಸಂಗತಿ ಪ್ರಿಂಟ್‌ಗಳನ್ನು ಒಟ್ಟಿಗೆ ಇಟ್ಟಾಗ ಕಂಡಿತು: ಬೆಳಕು ಎಲ್ಲದರಲ್ಲಿಯೂ ಎಡಗಡೆಯಿಂದ ಒಂದೇ ಕಿಟಕಿಯದು, ತಟ್ಟೆಯ ಹತ್ತಿರದ ಅಂಚು ಎಲ್ಲದರಲ್ಲಿಯೂ ಚೌಕಟ್ಟಿನಿಂದ ಹೊರಗೆ, ಕೋನವೂ ಎಲ್ಲದರಲ್ಲಿಯೂ ಒಂದೇ.

ಆ ಕೋನವನ್ನು ಅಳತೆ ಮಾಡಿ ನೋಡಿದೆ. ಚಕ್ಕಳಮಕ್ಕಳ ಹಾಕಿ ನೆಲದ ಮೇಲೆ ಕುಳಿತವರ ಕಣ್ಣು ನೆಲದಿಂದ ಹೆಚ್ಚುಕಡಿಮೆ ಎರಡೂವರೆ ಅಡಿ ಎತ್ತರದಲ್ಲಿರುತ್ತದೆ, ಎಲೆಯ ನಡುಭಾಗ ಅಲ್ಲಿಂದ ಒಂದೂವರೆ ಅಡಿ ಮುಂದಕ್ಕಿರುತ್ತದೆ. ಲೆಕ್ಕ ಹಾಕಿದರೆ ನೋಟದ ಇಳಿಜಾರು 60 ಡಿಗ್ರಿಯ ಹತ್ತಿರ ಬರುತ್ತದೆ. ವೃತ್ತಿಯಲ್ಲಿ ನಾವು ಬಳಸುವುದು ಒಂದೋ 45, ಇಲ್ಲವೇ ಮೇಲಿನಿಂದ ನೇರ 90. ಈ ಎರಡೂ ಊಟ ಮಾಡುವವರ ಕಣ್ಣಲ್ಲ. ಒಂದು ಎದುರು ಪಂಕ್ತಿಯಲ್ಲಿ ಕುಳಿತವರದು, ಇನ್ನೊಂದು ನಿಂತು ಬಡಿಸುವವರದು. ಉಣ್ಣುವವರ ಕಣ್ಣನ್ನು ಹಿಡಿಯುವುದು ನನ್ನ ಕೆಲಸವೆಂದು ಆ ದಿನ ತೀರ್ಮಾನ ಮಾಡಿದೆ. ಫುಲ್ ಫ್ರೇಮ್ ಕ್ಯಾಮೆರಾದಲ್ಲಿ 50 ಎಂಎಂ ಲೆನ್ಸ್ ಇಟ್ಟು ಮೂರು ಅಡಿ ದೂರದಿಂದ ತೆಗೆದರೆ ಒಂದು ಊಟದ ಮುಖ್ಯ ಭಾಗ ಸರಿಯಾಗಿ ತುಂಬುತ್ತದೆ, ಲೆನ್ಸಿನ ಕಿಂಡಿಯನ್ನು ಎಫ್ 8ಕ್ಕೆ ಇಟ್ಟರೆ ಅರ್ಧ ಅಡಿಯಷ್ಟು ಆಳಕ್ಕೆ ಫೋಕಸ್ ನಿಲ್ಲುತ್ತದೆ. ಮೂರು ನಾಲ್ಕು ತಿಂಗಳು ಈ ಒಂದೇ ಲೆನ್ಸ್, ಒಂದೇ ಕಿಟಕಿ, ಒಂದೇ ಕೋನ ಬಿಟ್ಟು ಬೇರೇನನ್ನೂ ಮುಟ್ಟಲಿಲ್ಲ. ಆ ಅವಧಿಯಲ್ಲಿ ಆದಾಯ ಅರ್ಧಕ್ಕಿಂತ ಕೆಳಗೆ ಇಳಿದಿತ್ತು ಎಂಬುದನ್ನೂ ಹೇಳಿಬಿಡುತ್ತೇನೆ. ಈ ದಾರಿ ಹಿಡಿಯುವವರು ಕೈಯಲ್ಲಿ ಐದಾರು ತಿಂಗಳ ಬಾಡಿಗೆ ಇಟ್ಟುಕೊಂಡಿರುವುದು ಒಳ್ಳೆಯದು.

ಕಪ್ಪು ಪದಾರ್ಥದ ಬಗ್ಗೆ ನಾನು ಕಲಿತದ್ದು ಇಷ್ಟು. ಅದಕ್ಕೆ ಎಷ್ಟು ಬೆಳಕು ಸುರಿದರೂ ಅದು ನುಂಗಿಕೊಳ್ಳುತ್ತದೆ. ಅದರ ಮೈಯಲ್ಲಿ ಏನು ಪ್ರತಿಫಲಿಸುತ್ತದೆಯೋ ಅದಷ್ಟೇ ಚಿತ್ರದಲ್ಲಿ ಕಾಣುತ್ತದೆ. ಬಸ್ಸಾರಿನ ಮೇಲೆ ಒಗ್ಗರಣೆಯ ಎಣ್ಣೆ ತೇಲುತ್ತಿರುವಾಗ ಬಟ್ಟಲನ್ನು ಒಂದೆರಡು ಅಂಗುಲ ಆಚೀಚೆ ಸರಿಸಿದರೆ ಕಿಟಕಿಯ ಪ್ರತಿಬಿಂಬ ಅಂಚಿನಲ್ಲಿ ಒಂದು ತೆಳು ಪಟ್ಟಿಯಾಗಿ ನಿಲ್ಲುವ ಜಾಗವೊಂದು ಸಿಗುತ್ತದೆ. ಅಲ್ಲಿ ನಿಲ್ಲಿಸಿ, ಕಿಟಕಿಯ ಎದುರುಗಡೆ, ಬೆಳಕನ್ನು ಮರಳಿ ಚೆಲ್ಲುವ ಥರ್ಮೋಕೋಲ್ ಬದಲು, ಕಪ್ಪು ಚಾರ್ಟ್ ಪೇಪರ್ ಇಟ್ಟರೆ ಸಾರಿನ ಬಣ್ಣ ತಾನಾಗಿಯೇ ಗಾಢವಾಗುತ್ತದೆ, ಎಣ್ಣೆಯ ಒಂದೊಂದು ಕಣ್ಣೂ, ಒಗ್ಗರಣೆಯ ಸಾಸಿವೆ ಕಾಳೂ ಎದ್ದು ಕಾಣುತ್ತವೆ. ಕ್ಯಾಮೆರಾದಲ್ಲಿ ಬೆಳಕನ್ನು ಅಳೆಯುವ ಮೀಟರ್ ಎಲ್ಲವನ್ನೂ ಬೂದು ಮಾಡಲು ಹೊರಡುವುದರಿಂದ ಎಕ್ಸ್‌ಪೋಶರ್ ಅನ್ನು ಒಂದು ಅಥವಾ ಒಂದೂವರೆ ಸ್ಟಾಪ್ (ಒಂದು ಸ್ಟಾಪ್ ಇಳಿಸಿದರೆ ಬೆಳಕು ಅರ್ಧವಾಗುತ್ತದೆ) ಕೆಳಗೆ ಇಳಿಸಲೇಬೇಕು. ಮುದ್ದೆಯ ಮಾತು ಬೇರೆ. ಒದ್ದೆ ಕೈಯಿಂದ ಕಟ್ಟಿದ ಕೂಡಲೇ ಅದಕ್ಕೊಂದು ಮಿರುಗು ಇರುತ್ತದೆ, ನಾಲ್ಕೈದು ನಿಮಿಷದಲ್ಲಿ ಮೇಲ್ಮೈ ಒಣಗಿ, ಮಂಕಾಗಿ, ಸಣ್ಣ ಬಿರುಕು ಬಿಡುತ್ತದೆ. ನೀರು ಚಿಮುಕಿಸಿದರೆ ಹನಿಯಾಗಿ ನಿಲ್ಲುತ್ತದೆ, ಎಣ್ಣೆ ಹಚ್ಚಿದರೆ ಕೃತಕವಾಗಿ ಕಾಣುತ್ತದೆ, ತುಪ್ಪ ಹೆಪ್ಪುಗಟ್ಟಿ ಬಿಳಿ ಬೀಳುತ್ತದೆ. ನಾನು ಹಚ್ಚುವುದು ಅಡುಗೆಮನೆಯಲ್ಲೇ ಸಿಗುವ ಬೇರೊಂದು ವಸ್ತು, ತಿನ್ನಲು ಯೋಗ್ಯವಾದದ್ದೇ. ಅದರ ಹೆಸರನ್ನು ಸದ್ಯಕ್ಕೆ ನನ್ನ ಬಳಿಯೇ ಇಟ್ಟುಕೊಳ್ಳುತ್ತೇನೆ.

ಇಷ್ಟೆಲ್ಲ ಹೊಂದಿಸಿಕೊಂಡ ಮೇಲೆ ಒಂದು ವರ್ಷ ದಸರಾಕ್ಕೆ ಮೊದಲು ಚಿತ್ರಗಳು ಇದ್ದಕ್ಕಿದ್ದಂತೆ ಕೆಟ್ಟವು. ಕ್ಯಾಮೆರಾ ಅದೇ, ವೈಟ್ ಬ್ಯಾಲೆನ್ಸ್ ಅದೇ, ಕಿಟಕಿಗೆ ಕಟ್ಟಿದ ಬಿಳಿ ಪಂಚೆಯೂ ಅದೇ, ಆದರೆ ಊಟ ಮಾತ್ರ ತಣ್ಣಗಾದಂತೆ ಕಾಣುತ್ತಿತ್ತು. ಎರಡು ವಾರ ಲೆನ್ಸನ್ನೂ ಮಾನಿಟರನ್ನೂ ಅನುಮಾನಿಸಿದ ಮೇಲೆ ಕಾರಣ ತಿಳಿಯಿತು: ಎದುರುಮನೆಯವರು ಹಳದಿ ಬೆರೆತ ಕೆನೆ ಬಣ್ಣದ ಗೋಡೆಗೆ ತಿಳಿ ನೀಲಿ ಹೊಡೆಸಿದ್ದರು. ನಮ್ಮದು ಪೂರ್ವದ ಕಿಟಕಿಯಾದ್ದರಿಂದ ಬೀದಿಯಾಚೆಯ ಆ ಗೋಡೆ ಪಶ್ಚಿಮಕ್ಕೆ ಮುಖ ಮಾಡಿರುತ್ತದೆ. ಮಧ್ಯಾಹ್ನದ ಬಿಸಿಲು ಅದರ ಮೇಲೆ ಬಿದ್ದು, ಅದರ ಬಣ್ಣ ಹೊತ್ತು ನಮ್ಮ ಕೋಣೆಗೆ ಬರುತ್ತಿತ್ತು. ಗೋಡೆಗೆ ಹಳೆಯ ಬಣ್ಣವಿದ್ದಾಗ ಕಿಟಕಿಯ ಮೇಲಿನ ಅರ್ಧದಿಂದ ಆಕಾಶದ ತಂಪು ಬೆಳಕು, ಕೆಳಗಿನ ಅರ್ಧದಿಂದ ಗೋಡೆಯ ಬೆಚ್ಚಗಿನ ಬೆಳಕು. ಮುದ್ದೆಯ ನೆತ್ತಿಯ ಮೇಲೆ ಸಣ್ಣ ನೀಲಿ ಮಿರುಗು, ಪಕ್ಕದಲ್ಲಿ ಕೆಂಚು ಬಣ್ಣ ಬರುತ್ತಿದ್ದದ್ದು ಇದರಿಂದಲೇ. ನನ್ನ ಚಿತ್ರಗಳನ್ನು ಅನುಕರಿಸಲು ಕೆಲವರು ಲೈಟ್‌ರೂಮ್‌ನಲ್ಲಿ ನೆರಳಿಗೊಂದು ಬಣ್ಣ, ಬೆಳಕಿಗೊಂದು ಬಣ್ಣ ಹಾಕಿ ನೋಡಿದ್ದಾರೆ, ಬಂದಿಲ್ಲ. ಏಕೆಂದರೆ ಇಲ್ಲಿ ಬಣ್ಣ ಬದಲಾಗುವುದು ಮೇಲ್ಮೈ ಯಾವ ಕಡೆಗೆ ತಿರುಗಿದೆ ಎಂಬುದರ ಮೇಲೆ, ಎಷ್ಟು ಬೆಳಗಿದೆ ಎಂಬುದರ ಮೇಲಲ್ಲ.

ಎದುರುಮನೆಯ ಯಜಮಾನರನ್ನು ಕೇಳಿ ಹಳೆಯ ಬಣ್ಣದ ಶೇಡ್ ನಂಬರ್ ತೆಗೆದುಕೊಂಡೆ. ನಾಲ್ಕಡಿ ಮೂರಡಿಯ ಪ್ಲೈವುಡ್ ಹಲಗೆಗೆ ಅದನ್ನೇ ಬಳಿಸಿದೆ, ಎರಡು ಕೋಟು, ಹೊಳಪಿಲ್ಲದಂತೆ; ಎಲ್ಲ ಸೇರಿ ಎರಡು ಸಾವಿರದೊಳಗೆ ಮುಗಿಯಿತು. ಈಗ ಯಾವ ಹೋಟೆಲಿಗೆ ಹೋದರೂ ಅದು ನನ್ನ ಜೊತೆಗೆ ಬರುತ್ತದೆ. ಮೇಲೊಂದು ಸಾಫ್ಟ್‌ಬಾಕ್ಸ್, ಕೆಳಗೆ ಆ ಹಲಗೆಗೆ ಹೊಡೆದ ಇನ್ನೊಂದು ಸಣ್ಣ ಲೈಟು. ಒಳಗಿನ ಎಲ್‌ಇಡಿಗಳನ್ನು ಆರಿಸಿಬಿಟ್ಟರೆ ನಮ್ಮ ಮನೆಯ ಮಧ್ಯಾಹ್ನ ಅಲ್ಲಿಗೆ ಬಂತೆಂದೇ ಅರ್ಥ. ಆರಿಸಲು ಒಪ್ಪದಿದ್ದರೆ ಶಟರ್ 1/50 ಅಥವಾ 1/100ರಲ್ಲಿ ಇಟ್ಟುಕೊಳ್ಳಿ, ನಮ್ಮ 50 ಹರ್ಟ್ಸ್ ವಿದ್ಯುತ್ತಿನಲ್ಲಿ ದೀಪಗಳ ಮಿನುಗಿನಿಂದ ಚಿತ್ರದ ಮೇಲೆ ಪಟ್ಟೆ ಬೀಳುವುದು ತಪ್ಪುತ್ತದೆ. ಶೇಡ್ ನಂಬರ್ ಮಾತ್ರ ಕೇಳಬೇಡಿ.

ಊಟದ ಕೆಳಗೆ ಹಾಸುವುದರ ಮತ್ತು ಪಾತ್ರೆಗಳ ವಿಷಯದಲ್ಲಿ ಬೇರೆ ಪ್ರಯೋಗಗಳೂ ನಡೆದವು. ಹಳೆಯ ಮನೆಗಳ ರೆಡ್ ಆಕ್ಸೈಡ್ ನೆಲದ ಮೇಲೆ ಊಟ ಎಷ್ಟು ಚೆನ್ನಾಗಿ ಕಾಣುತ್ತದೆಂದು ಗೊತ್ತಿದ್ದರಿಂದ ಸಿಮೆಂಟ್ ಶೀಟಿನ ಮೇಲೆ ಅದನ್ನು ಹಾಕಿಸಿದೆ. ಮೊದಲನೆಯದು ಸಾಗಿಸುವಾಗ ಸೀಳಿತು, ಮೇಣ ಹಾಕಿ ಉಜ್ಜಿದ ಎರಡನೆಯದು ಇಂದಿಗೂ ಕೆಲಸ ಮಾಡುತ್ತಿದೆ. ಸಾದರಹಳ್ಳಿ ಕಲ್ಲಿನ ಚಪ್ಪಡಿ ಬಣ್ಣದಲ್ಲಿ ಅತ್ಯುತ್ತಮ, ಆದರೆ ಇಬ್ಬರು ಹೊರಬೇಕು. ಕೆ.ಆರ್. ಮಾರ್ಕೆಟ್ ಸುತ್ತಲಿನ ಪಾತ್ರೆ ಅಂಗಡಿಗಳಲ್ಲಿ ಹಿತ್ತಾಳೆ ಸಾಮಾನಿಗೆ ಹದಿನಾಲ್ಕು ಹದಿನೈದು ಸಾವಿರ ಸುರಿದೆ. ಹೊಸ ಹಿತ್ತಾಳೆಯ ಮೈಯಲ್ಲಿ ಟ್ರೈಪಾಡ್ ಸಮೇತ ಇಡೀ ಕೋಣೆ ಕಾಣುತ್ತದೆ. ಹುಣಸೆಹಣ್ಣು ಹಾಕದೆ ಕೆಲವು ತಿಂಗಳು ಹಾಗೆಯೇ ಬಳಸಿ ಮಂಕಾದ ಮೇಲಷ್ಟೇ ಅದು ಚಿತ್ರಕ್ಕೆ ಬರುತ್ತದೆ.

ಬಾಳೆ ಎಲೆಯ ಮೇಲೆ ತೆಗೆಯುವಾಗ ಲೆನ್ಸಿಗೆ ಪೋಲರೈಜರ್ (ಹೊಳಪನ್ನು ತಗ್ಗಿಸುವ, ತಿರುಗಿಸಬಹುದಾದ ಫಿಲ್ಟರ್) ಹಾಕಿ ಅರ್ಧ ಮಾತ್ರ ತಿರುಗಿಸಿ. ಪೂರ್ತಿ ತಿರುಗಿಸಿದರೆ ಎಲೆಯ ಹೊಳಪಿನ ಜೊತೆ ಸಾರಿನ ಹೊಳಪೂ ಹೋಗುತ್ತದೆ. ಹೇಗೆ ತಿರುಗಿಸಿದರೂ ಒಂದೂವರೆ ಸ್ಟಾಪಿನಷ್ಟು ಬೆಳಕು ನಷ್ಟ. ಎಲೆಯ ಕುಡಿ ಉಣ್ಣುವವರ ಎಡಕ್ಕೇ ಇರಬೇಕು, ಉಪ್ಪೂ ಎಡಕ್ಕೇ. ಸ್ಟುಡಿಯೋದಲ್ಲಿ ಸಂಯೋಜನೆ ಚೆನ್ನಾಗಿ ಬರಲೆಂದು ಎಲೆಯನ್ನು ತಿರುಗಿಸಿಡುವುದನ್ನು ನಾನು ಒಪ್ಪುವುದಿಲ್ಲ. ನಮ್ಮ ಊಟ ಬಲ್ಲವರು ಮೊದಲು ನೋಡುವುದೇ ಅದನ್ನು.

ಬಸವನಗುಡಿಯ ಹೋಟೆಲಿನವರಿಗೆ ಮೊದಲು ಮಾದರಿ ತೋರಿಸಿದಾಗ, “ಸಾರ್, ಕರೆಂಟ್ ಹೋದಾಗ ತೆಗ್ದಂಗಿದೆ, ಸ್ವಲ್ಪ ಬ್ರೈಟ್ ಮಾಡಿ ಕೊಡಿ” ಎಂದರು. ನಾನು ಎರಡು ಬಗೆಯಲ್ಲಿಯೂ ಹಿತಕಿದ ಅವರೆಬೇಳೆ ಸಾರಿನ ಚಿತ್ರ ದೊಡ್ಡದಾಗಿ ಪ್ರಿಂಟ್ ಹಾಕಿಸಿ, ನನ್ನ ಖರ್ಚಿನಲ್ಲಿಯೇ, ಅವರ ಕ್ಯಾಶ್ ಕೌಂಟರಿನ ಪಕ್ಕ ವಾರವಿಡೀ ಇಡಲು ಕೇಳಿಕೊಂಡೆ. ಊಟಕ್ಕೆ ಬಂದವರು ಕೈತೋರಿಸಿ ಇದನ್ನೇ ಕೊಡಿ ಎಂದದ್ದು ಯಾವುದನ್ನು ಎಂಬುದನ್ನು ಅವರೇ ಎಣಿಸಿದರು. ಈಗ ನಾನು ತಿನಿಸಿನ ಲೆಕ್ಕದಲ್ಲಿ ಕೆಲಸ ಒಪ್ಪುವುದಿಲ್ಲ. ದಿನಕ್ಕೆ ಇಪ್ಪತ್ತೈದರಿಂದ ಮೂವತ್ತು ಸಾವಿರ, ಹನ್ನೆರಡು ತಿನಿಸಿಗಿಂತ ಹೆಚ್ಚಿಲ್ಲ, ಬ್ರೈಟ್ ಮಾಡಿಕೊಡುವ ಮಾತಿಲ್ಲ.

ಈ ರೀತಿಗೆ ಇನ್ನೂ ಬಗ್ಗದಿರುವುದು ಬಿಳಿ ಪದಾರ್ಥಗಳು. ನೀರುದೋಸೆ, ಮೊಸರನ್ನ, ಕಾಯಿಚಟ್ನಿ ಇವುಗಳ ಮೇಲೆ ಗೋಡೆಯ ಹಳದಿ ಕೂಡಲೇ ಬೀಳುತ್ತದೆ, ಹಿಂದಿನ ದಿನದ ಅಡುಗೆಯಂತೆ ಕಾಣಿಸುತ್ತದೆ. ಹಲಗೆಯನ್ನು ಎರಡು ಅಡಿ ಹಿಂದಕ್ಕೆ ಸರಿಸಿ, ಅರ್ಧಕ್ಕೆ ಬಿಳಿ ಬಟ್ಟೆ ಹೊದಿಸಿ ನೋಡುತ್ತಿದ್ದೇನೆ. ಮೊಸರನ್ನ ಸ್ವಲ್ಪ ಹತ್ತಿರಕ್ಕೆ ಬಂದಿದೆ, ನೀರುದೋಸೆ ಬಂದಿಲ್ಲ. ಅಂಥ ಕೆಲಸ ಬಂದರೆ ಸದ್ಯಕ್ಕೆ ಮಲ್ಲೇಶ್ವರದಲ್ಲಿರುವ ಸ್ನೇಹಿತರೊಬ್ಬರಿಗೆ ಕಳುಹಿಸುತ್ತೇನೆ, ಅವರು ತಮಗೆ ಬಂದ ಮುದ್ದೆ ಊಟದ ಕೆಲಸವನ್ನು ನನಗೆ ಕಳುಹಿಸುತ್ತಾರೆ.