ಸಾವು ಬಂದ ಮನೆಯಲ್ಲಿ ಕ್ರೈಸ್ತ ನಿರೀಕ್ಷೆಯನ್ನು ಹಿಡಿದುಕೊಳ್ಳುವುದು ಹೇಗೆ?

ಮನೆಯಲ್ಲಿ ಸಾವಾದಾಗ, ಅಥವಾ ನೆಟೆ ರೋಗಕ್ಕೆ ತೊಗರಿ ಒಣಗಿ ಸಾಲ ಕುತ್ತಿಗೆಗೆ ಬಂದಾಗ, ಕ್ರೈಸ್ತ ಕುಟುಂಬಗಳಲ್ಲಿ ಮೊದಲು ಕೇಳಿಬರುವ ಮಾತು "ಅಳಬೇಡಿ, ವಿಶ್ವಾಸ ಇಡಿ" ಎಂಬುದು. ಹೇಳುವವರ ಮನಸ್ಸು ಒಳ್ಳೆಯದೇ. ಆದರೆ ಅಪೊಸ್ತಲನಾದ ಪೌಲನು ಥೆಸಲೋನಿಕದ ಸಭೆಯವರಿಗೆ ಬರೆದದ್ದು ನಿರೀಕ್ಷೆಯಿಲ್ಲದವರ ಹಾಗೆ ದುಃಖಿಸಬೇಡಿರಿ ಎಂದು. ದುಃಖಿಸಲೇಬೇಡಿರಿ ಎಂದು ಅವನು ಎಲ್ಲಿಯೂ ಬರೆದಿಲ್ಲ. ಬೀದರ್, ಕಲಬುರಗಿ, ಯಾದಗಿರಿಯ ಕ್ರೈಸ್ತ ಮನೆಗಳನ್ನು ಮನಸ್ಸಿನಲ್ಲಿಟ್ಟುಕೊಂಡು ಈ ಸಲಹೆಗಳನ್ನು ಬರೆಯುತ್ತಿದ್ದೇನೆ. ನೀವು ಮೆಥೋಡಿಸ್ಟ್ ಸಭೆಯವರಿರಬಹುದು, 2005ರಲ್ಲಿ ರಚನೆಯಾದ ಗುಲ್ಬರ್ಗ ಕಥೋಲಿಕ ಧರ್ಮಕ್ಷೇತ್ರದವರಿರಬಹುದು, ಸಣ್ಣದೊಂದು ಪ್ರಾರ್ಥನಾ ಮಂದಿರಕ್ಕೆ ಹೋಗುವವರಿರಬಹುದು; ಮುಖ್ಯ ಸಂಗತಿ ಎಲ್ಲರಿಗೂ ಒಂದೇ. ನಿರೀಕ್ಷೆಯು ದುಃಖದಲ್ಲಿರುವವರ ಮನೋಬಲವನ್ನು ಅವಲಂಬಿಸಿಲ್ಲ. ಅದು ಕ್ರಿಸ್ತನ ಪುನರುತ್ಥಾನದ ಮೇಲೆ ನಿಂತಿದೆ, ಮತ್ತು ನಮ್ಮಿಂದ ಹೊರಲಾಗದ ದಿನಗಳಲ್ಲಿ ಸಭೆಯೇ ಅದನ್ನು ನಮಗಾಗಿ ಹೊರುತ್ತದೆ.

ಮೊದಲ ದಿನಗಳಲ್ಲಿ

ಅಳುವವರನ್ನು ಅಳಲು ಬಿಡಿ. ಮಾತಾಡುವ ತ್ರಾಣ ಬಂದ ಮೇಲೆ ಯೋಹಾನನ ಸುವಾರ್ತೆಯ 11ನೇ ಅಧ್ಯಾಯವನ್ನು ಯಾರಾದರೂ ನಿಧಾನವಾಗಿ ಓದಲಿ. ಲಾಜರನನ್ನು ಸಮಾಧಿಯಲ್ಲಿಟ್ಟು ನಾಲ್ಕು ದಿನಗಳಾದ ಮೇಲೆ ಯೇಸು ಬೇಥಾನ್ಯಕ್ಕೆ ಬರುತ್ತಾನೆ. ಮಾರ್ಥಳೂ ಮರಿಯಳೂ ಬೇರೆ ಬೇರೆಯಾಗಿ ಬಂದು, ನೀನು ಇಲ್ಲಿ ಇದ್ದಿದ್ದರೆ ನಮ್ಮ ಸಹೋದರನು ಸಾಯುತ್ತಿರಲಿಲ್ಲ ಎಂದು ಒಂದೇ ದೂರನ್ನು ಅವನ ಮುಂದಿಡುತ್ತಾರೆ. ಆ ದೂರಿಗೆ ಅವನು ಗದರಿಸುವುದಿಲ್ಲ. ಮಾರ್ಥಳಿಗೆ, ತಾನೇ ಪುನರುತ್ಥಾನವೂ ಜೀವವೂ ಆಗಿದ್ದೇನೆ ಎನ್ನುತ್ತಾನೆ. ಮರಿಯಳು ಅಳುವುದನ್ನು ಕಂಡು ತಾನೂ ಕಣ್ಣೀರಿಡುತ್ತಾನೆ. ಇನ್ನು ಸ್ವಲ್ಪ ಹೊತ್ತಿಗೆ ಲಾಜರನನ್ನು ಸಮಾಧಿಯಿಂದ ಹೊರಗೆ ಕರೆಯಲಿದ್ದೇನೆಂದು ತಿಳಿದಿದ್ದೂ ಅವನು ಅತ್ತನು ಎಂಬುದನ್ನು ಗಮನಿಸಿ. ದುಃಖವು ಅವಿಶ್ವಾಸದ ಗುರುತಾಗಿದ್ದರೆ ಆ ಕಣ್ಣೀರಿಗೆ ಅರ್ಥವೇ ಇರುತ್ತಿರಲಿಲ್ಲ.

ಅನಂತರ ಬೈಬಲ್ಲಿನ ಕೀರ್ತನೆಗಳಿಗೆ ಬನ್ನಿ. 23ನೇ ಕೀರ್ತನೆ ಎಲ್ಲರಿಗೂ ಬಾಯಿಪಾಠವಾಗಿದೆ, ಆದರೆ ಅದೊಂದನ್ನೇ ಓದಿದರೆ ಸಾಲದು. 13ನೇ ಕೀರ್ತನೆಯ ಮೊದಲ ಎರಡು ವಚನಗಳಲ್ಲೇ ಭಕ್ತನು ಎಷ್ಟರವರೆಗೆ ಎಂದು ಮತ್ತೆ ಮತ್ತೆ ದೇವರನ್ನು ಕೇಳುತ್ತಾನೆ. 88ನೇ ಕೀರ್ತನೆಯಂತೂ ಕತ್ತಲೆಯಲ್ಲೇ ಮುಗಿಯುತ್ತದೆ. ಕೊನೆಯಲ್ಲಿ ಸಾಂತ್ವನದ ಒಂದು ಸಾಲೂ ಇಲ್ಲ. ಅಂಥ ಪ್ರಾರ್ಥನೆಯೂ ಪವಿತ್ರ ಗ್ರಂಥದಲ್ಲಿ ಸೇರಿದೆ ಎಂಬುದೇ ನೊಂದವರಿಗೆ ದೊಡ್ಡ ಆಸರೆ. 22ನೇ ಕೀರ್ತನೆಯ ಮೊದಲ ಮಾತು ಶಿಲುಬೆಯ ಮೇಲೆ ಯೇಸುವಿನ ಬಾಯಲ್ಲೇ ಬಂದದ್ದು: ನನ್ನ ದೇವರೇ, ಯಾಕೆ ನನ್ನನ್ನು ಕೈಬಿಟ್ಟೆ?

ದಿನಕ್ಕೊಂದು ಕೀರ್ತನೆ ಸಾಕು. ಸಂಜೆ ದೀಪ ಹಚ್ಚುವ ಹೊತ್ತಿಗೆ ಮನೆಯವರೆಲ್ಲ ಸೇರಿ ಗಟ್ಟಿಯಾಗಿ ಓದಿ, ಓದಿದ ಮೇಲೆ ನಿಮ್ಮ ಸಂಕಟವನ್ನು ಅದರ ಹೆಸರು ಹಿಡಿದೇ ಹೇಳಿ: ಇಷ್ಟು ಸಾಲ ಉಳಿದಿದೆ, ಈ ಮಗು ರಾತ್ರಿ ಅಪ್ಪನನ್ನು ಕೇಳುತ್ತದೆ, ಆಸ್ಪತ್ರೆಯ ಬಿಲ್ಲು ಕಟ್ಟಬೇಕಿದೆ. ಅಕ್ಷರ ಬಾರದ ಅವ್ವಂದಿರಿಗೆ ಮೊಮ್ಮಕ್ಕಳು ಓದಿ ಹೇಳಲಿ, ಇಲ್ಲವೇ ಮೊಬೈಲಿನಲ್ಲಿ ಕನ್ನಡ ಬೈಬಲ್ ಹಾಕಿಕೊಡಲಿ. ಮಾತೇ ಹೊರಡದಿದ್ದರೆ "ಕರ್ತನೇ, ಕರುಣಿಸು" ಎಂಬಷ್ಟೇ ಪೂರ್ಣ ಪ್ರಾರ್ಥನೆ. ಪ್ರಾರ್ಥಿಸಲು ತಿಳಿಯದಾಗ ಪವಿತ್ರಾತ್ಮನೇ ಮಾತಿಲ್ಲದ ನರಳಾಟದಿಂದ ನಮಗಾಗಿ ಬೇಡುತ್ತಾನೆ ಎಂದು ರೋಮಾಪುರದವರಿಗೆ ಬರೆದ ಪತ್ರದ 8ನೇ ಅಧ್ಯಾಯ ಹೇಳುತ್ತದೆ.

ಸಭೆಗೆ ಹೋಗುವುದನ್ನು ಬಿಡಬೇಡಿ

ಎಲ್ಲಕ್ಕಿಂತ ಹೆಚ್ಚಾಗಿ ಇದನ್ನು ಒತ್ತಿ ಹೇಳಬೇಕೆಂದು ನನಗೆ ಅನ್ನಿಸುತ್ತದೆ. ಬೀದರ್ ಸೀಮೆಯ ಹಳ್ಳಿಯ ಆಲಯದಲ್ಲಿ ಜಮಖಾನದ ಮೇಲೆ ಹೆಂಗಸರು ಒಂದು ಕಡೆ, ಗಂಡಸರು ಒಂದು ಕಡೆ ಕುಳಿತಿರುತ್ತಾರೆ. ಗಂಡನನ್ನು ಮಣ್ಣು ಮಾಡಿದ ಮೇಲೆ ಮೊದಲ ರವಿವಾರ ಬಂದ ಹೆಣ್ಣುಮಗಳು ಸೆರಗನ್ನು ಬಾಯಿಗೊತ್ತಿಕೊಂಡು ಗೋಡೆಗೆ ಆತು ಕೂತಿದ್ದಾಳೆ. ಹಾಡು ಶುರುವಾದರೂ ಅವಳ ತುಟಿ ಅಲುಗುವುದಿಲ್ಲ. ಪಕ್ಕದ ದೊಡ್ಡವ್ವ ಏನೂ ಮಾತಾಡದೆ ತನ್ನ ಹಾಡಿನ ಪುಸ್ತಕವನ್ನು ಅವಳ ತೊಡೆಯ ಮೇಲಿಟ್ಟು, ಸಾಲಿನ ಕೆಳಗೆ ಬೆರಳು ಸರಿಸುತ್ತಾ ತಾನೇ ಎರಡು ಪಾಲು ಗಟ್ಟಿಯಾಗಿ ಹಾಡುತ್ತಾಳೆ. ಅಂದು ಆ ಹೆಣ್ಣುಮಗಳ ಪಾಲಿನ ವಿಶ್ವಾಸವೂ ದೊಡ್ಡವ್ವನ ಬಾಯಲ್ಲೇ ಇತ್ತು.

ಮಾರ್ಕನ ಸುವಾರ್ತೆಯ 2ನೇ ಅಧ್ಯಾಯದಲ್ಲಿ ನಾಲ್ವರು ಒಬ್ಬ ಪಾರ್ಶ್ವವಾಯು ರೋಗಿಯನ್ನು ಹೊತ್ತುಕೊಂಡು ಬಂದು, ಜನಜಂಗುಳಿಯಿಂದಾಗಿ ಬಾಗಿಲಲ್ಲಿ ದಾರಿ ಸಿಗದೆ, ಮೇಲ್ಛಾವಣಿ ತೆಗೆದು ಅವನನ್ನು ಯೇಸುವಿನ ಮುಂದೆ ಇಳಿಸುತ್ತಾರೆ. ಯೇಸು ಅಲ್ಲಿ ಕಂಡದ್ದು ಹೊತ್ತು ತಂದವರೆಲ್ಲರ ನಂಬಿಕೆಯನ್ನು. ಆದ್ದರಿಂದ ಮನಸ್ಸು ಸರಿಹೋದ ಮೇಲೆ ಆರಾಧನೆಗೆ ಹೋಗುತ್ತೇನೆ ಎಂದು ಮುಂದೂಡಬೇಡಿ. ಹಾಡದಿದ್ದರೂ, ಪ್ರಸಂಗ ತಲೆಗೆ ಹೋಗದಿದ್ದರೂ ಹೋಗಿ ಕುಳಿತುಕೊಳ್ಳಿ.

ಪುನರುತ್ಥಾನದ ಮಾತು

ಕ್ರೈಸ್ತ ನಿರೀಕ್ಷೆಯ ಬೇರು ಪೌಲನು ಕೊರಿಂಥದವರಿಗೆ ಬರೆದ ಮೊದಲ ಪತ್ರದ 15ನೇ ಅಧ್ಯಾಯದಲ್ಲಿದೆ. ಕ್ರಿಸ್ತನು ಸತ್ತು, ಹೂಣಲ್ಪಟ್ಟು, ಮೂರನೆಯ ದಿನ ಎದ್ದು, ಕೇಫನಿಗೂ (ಅಂದರೆ ಪೇತ್ರನಿಗೂ) ಹನ್ನೆರಡು ಮಂದಿ ಶಿಷ್ಯರಿಗೂ ಐನೂರಕ್ಕಿಂತ ಹೆಚ್ಚು ಮಂದಿ ಸಹೋದರರಿಗೂ ಕಾಣಿಸಿಕೊಂಡನೆಂದು ಪೌಲನು ಬರೆಯುತ್ತಾನೆ, ಮತ್ತು ಆ ಐನೂರರಲ್ಲಿ ಬಹುಮಂದಿ ಇನ್ನೂ ಬದುಕಿದ್ದಾರೆ ಎಂದು ಸೇರಿಸುತ್ತಾನೆ. ಅದೇ ಅಧ್ಯಾಯ ಮರಣವನ್ನು ಕಡೇ ಶತ್ರು ಎಂದು ಕರೆಯುತ್ತದೆ. ಹೀಗಿರುವಾಗ "ಸತ್ತದ್ದೇ ಒಳ್ಳೆಯದಾಯಿತು" ಎಂದು ಯಾರಿಗೂ ಹೇಳಬೇಕಾಗಿಲ್ಲ; ಶತ್ರುವನ್ನು ಶತ್ರುವೆಂದೇ ಕರೆದು, ಅದು ಸೋಲುತ್ತದೆ ಎಂದು ನಂಬುವುದೇ ನಮ್ಮ ನಿರೀಕ್ಷೆ. ಎದ್ದುಬಂದ ಯೇಸುವಿನ ಕೈಗಳಲ್ಲಿ ಮೊಳೆಯ ಗಾಯಗಳು ಉಳಿದಿದ್ದವು ಎಂಬುದನ್ನೂ ಮರೆಯಬೇಡಿ. ನಿಮ್ಮ ನೋವು ಏನೂ ಇಲ್ಲದಂತೆ ಅಳಿಸಿಹೋಗಬೇಕೆಂದು ದೇವರು ಕೇಳುವುದಿಲ್ಲ.

ಶುಭ ಶುಕ್ರವಾರಕ್ಕೂ ಈಸ್ಟರಿಗೂ ನಡುವಿನ ಶನಿವಾರವನ್ನು ಮನೆಯವರೊಂದಿಗೆ ಮೌನವಾಗಿ ಕಳೆಯಿರಿ. ಶಿಷ್ಯರಿಗೆ ಅಂದು ಮರುದಿನದ ಸುದ್ದಿ ಗೊತ್ತಿರಲಿಲ್ಲ, ನಮ್ಮ ಎಷ್ಟೋ ದಿನಗಳು ಆ ಶನಿವಾರದಂಥವೇ. ಈಸ್ಟರ್ ಬೆಳಿಗ್ಗೆ ಸಮಾಧಿಗೆ ಹೋಗಿ ಆ 15ನೇ ಅಧ್ಯಾಯವನ್ನು ಅಲ್ಲೇ ನಿಂತು ಓದಿ. ಕಥೋಲಿಕರಿಗೆ ನವೆಂಬರ್ 2ರ ಮೃತರ ಸ್ಮರಣೆಯೂ ಇದೆ.

ಯಾವ ಮಾತಿಗೆ ಕಿವಿಗೊಡಬಾರದು

"ನಿಮ್ಮ ವಿಶ್ವಾಸ ಕಡಿಮೆಯಾಗಿದ್ದರಿಂದಲೇ ಅವರು ಉಳಿಯಲಿಲ್ಲ" ಎನ್ನುವವರನ್ನು ದೂರವಿಡಿ. ಹುಟ್ಟುಕುರುಡನ ವಿಷಯದಲ್ಲಿ ಯಾರ ಪಾಪದಿಂದ ಹೀಗಾಯಿತು ಎಂದು ಶಿಷ್ಯರು ಕೇಳಿದಾಗ, ಇವನೂ ಇವನ ತಂದೆತಾಯಿಗಳೂ ಅದಕ್ಕೆ ಕಾರಣರಲ್ಲ ಎಂದು ಯೇಸು ಉತ್ತರಿಸಿದನು. ಪ್ರಾರ್ಥನೆ ಮಾಡಿದ ಮೇಲೆ ಔಷಧಿ ಬೇಡವೆನ್ನುವ ಮಾತನ್ನೂ ನಂಬಬೇಡಿ. ಸಕ್ಕರೆ ಕಾಯಿಲೆಯ ಮಾತ್ರೆಯಾಗಲಿ ಕ್ಷಯದ ಮಾತ್ರೆಯಾಗಲಿ ವೈದ್ಯರು ಹೇಳುವವರೆಗೆ ನಿಲ್ಲಿಸಬಾರದು. ಪೌಲನ ಪ್ರಿಯ ಸಂಗಾತಿ ಲೂಕನೂ ವೈದ್ಯನೇ ಆಗಿದ್ದನು.

ಬದುಕೇ ಬೇಡವೆನ್ನಿಸಿದರೆ ಅದನ್ನು ಮುಚ್ಚಿಡಬೇಡಿ. ಪ್ರವಾದಿಯಾದ ಎಲೀಯನೂ ಜಾಲಿ ಗಿಡದಂಥ ಒಂದು ಮರುಭೂಮಿಯ ಗಿಡದ ಕೆಳಗೆ ಕೂತು ಸಾವನ್ನು ಬೇಡಿಕೊಂಡನು. ದೇವದೂತನು ಉಪದೇಶ ಮಾಡದೆ ಅವನಿಗೆ ರೊಟ್ಟಿ, ನೀರು ಕೊಟ್ಟು, ಮಲಗಲು ಬಿಟ್ಟು, ಮತ್ತೆ ಎಬ್ಬಿಸಿ ಉಣ್ಣಿಸಿದನು. ಸಭಾಪಾಲಕರಿಗೋ ಫಾದರ್ ಅವರಿಗೋ ಹೇಳಿ. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ಯಾವ ಹೊತ್ತಿನಲ್ಲಾದರೂ ಉಚಿತವಾಗಿ ಕರೆ ಮಾಡಬಹುದು. ಮನೆಯವರೊಬ್ಬರು ಆತ್ಮಹತ್ಯೆ ಮಾಡಿಕೊಂಡಿದ್ದರೆ ಅವರಿಗಾಗಿಯೂ ಧೈರ್ಯವಾಗಿ ಪ್ರಾರ್ಥಿಸಿ. ಅಂಥವರ ರಕ್ಷಣೆಯ ವಿಷಯದಲ್ಲಿ ನಿರಾಶರಾಗಬಾರದೆಂದು ಕಥೋಲಿಕ ಧರ್ಮಸಭೆಯ ಬೋಧನೆಯೇ ಹೇಳುತ್ತದೆ.

ನೋಡಲು ಹೋಗುವವರಿಗೆ

ಮಕ್ಕಳನ್ನೂ ಆಸ್ತಿಯನ್ನೂ ಕಳೆದುಕೊಂಡ ಯೋಬನ ಗೆಳೆಯರು ಏಳು ದಿನ ಅವನ ಜೊತೆ ನೆಲದ ಮೇಲೆ ಮೌನವಾಗಿ ಕುಳಿತಿದ್ದರು. ಅವರು ಮಾಡಿದ ಒಳ್ಳೆಯ ಕೆಲಸ ಅದೊಂದೇ, ಬಾಯಿ ತೆರೆದ ಮೇಲೆ ಎಲ್ಲ ಕೆಟ್ಟಿತು. ನೀವು ಜೋಳದ ರೊಟ್ಟಿ, ಪಲ್ಯ ಕಟ್ಟಿಕೊಂಡು ಹೋಗಿ, ಹತ್ತಿರ ಕೂತು, ಸತ್ತವರ ಹೆಸರು ಹೇಳಿ ಮಾತಾಡಿ. ಬೇರೆ ಧರ್ಮದ ನೆರೆಯವರೂ ಬಂದಿರುತ್ತಾರೆ. ಅವರ ಅಕ್ಕರೆಯನ್ನು ಕೃತಜ್ಞತೆಯಿಂದ ಸ್ವೀಕರಿಸಿ, ವಾದಕ್ಕೆ ಅದು ಸಮಯವಲ್ಲ. ಮರಣವನ್ನು 21 ದಿನಗಳೊಳಗೆ ನೋಂದಾಯಿಸಬೇಕು, ಪ್ರಮಾಣಪತ್ರವಿಲ್ಲದೆ ಬ್ಯಾಂಕಿನ ಕೆಲಸವೂ ವಿಧವಾ ಪಿಂಚಣಿಯೂ ಮುಂದಕ್ಕೆ ಹೋಗುವುದಿಲ್ಲ. ಸಭೆಯ ಓದುಬರಹ ಬಲ್ಲ ಒಬ್ಬರು ಆ ಓಡಾಟವನ್ನು ವಹಿಸಿಕೊಳ್ಳಲಿ. ಮೊದಲ ವಾರ ಮನೆ ತುಂಬ ಜನರಿರುತ್ತಾರೆ, ಮೂರನೇ ತಿಂಗಳಿಗೆ ಯಾರೂ ಬರುವುದಿಲ್ಲ. ಅದಕ್ಕೇ ಸಭೆಯ ಪ್ರಾರ್ಥನೆ ಕೂಟದವರು ಮೂರನೇ ತಿಂಗಳು, ಮೊದಲ ಕ್ರಿಸ್‌ಮಸ್ ಮತ್ತು ವರ್ಷದ ದಿನ, ಈ ಮೂರಕ್ಕೂ ಯಾರು ಹೋಗಬೇಕೆಂದು ಈಗಲೇ ಕ್ಯಾಲೆಂಡರಿನಲ್ಲಿ ಹೆಸರು ಬರೆದಿಡಲಿ.