ದಾವಣಗೆರೆಗೆ ಹೊಸದಾಗಿ ಬಂದವರಿಗೆ: ಮನೆ ಹಿಡಿಯುವ ಮುಂಚೆ ರೈಲ್ವೆ ಹಳಿ ನೋಡಿ

ಬಾಡಿಗೆ ಮನೆ ಹುಡುಕುವಾಗ ನೀರು, ಗಾಳಿ, ಬೆಳಕು ಎಲ್ಲಾ ನೋಡುತ್ತೀರಿ ಅಲ್ವಾ? ಮನೆ ಹಳಿಯ ಯಾವ ಕಡೆ ಇದೆ, ಮಕ್ಕಳ ಶಾಲೆ ಯಾವ ಕಡೆ ಇದೆ ಅನ್ನೋದನ್ನೂ ನೋಡಿ. ನಮ್ಮ ಸಂಘಕ್ಕೆ ಬರುವ ಹೊಸಬರಿಗೆ ನಾವು ಮೊದಲು ಹೇಳುವುದೇ ಇದು.

ಬೆಂಗಳೂರು–ಹುಬ್ಬಳ್ಳಿ ರೈಲು ಮಾರ್ಗ ಊರನ್ನು ಎರಡು ಪಾಲು ಮಾಡಿದೆ. ಒಂದು ಕಡೆ ಮಂಡಿಪೇಟೆ, ಚೌಕಿಪೇಟೆ, ದುಗ್ಗಮ್ಮನ ಗುಡಿ ಇರುವ ಹಳೇ ಊರು. ಇನ್ನೊಂದು ಕಡೆ ಪಿ.ಬಿ. ರಸ್ತೆ, ವಿದ್ಯಾನಗರ, ಎಂಸಿಸಿ ಬ್ಲಾಕ್‌ಗಳು. ದಾಟುವ ಜಾಗಗಳು ಕೈಬೆರಳೆಣಿಕೆಯಷ್ಟೇ, ಹಾಗಾಗಿ ಬೆಳಗ್ಗೆ ಶಾಲೆ ವ್ಯಾನು, ಆಟೋ, ಕಾಳಿನ ಲಾರಿ, ಮುಂದೆ ಒಂದು ಹಿಂದೆ ಎರಡು ಮಕ್ಕಳನ್ನು ಕೂರಿಸಿಕೊಂಡ ಸ್ಕೂಟರು ಎಲ್ಲವೂ ಅಲ್ಲಿಗೇ ಬಂದು ಸೇರುತ್ತವೆ. ಅಶೋಕ ಟಾಕೀಸ್ ರೈಲ್ವೆ ಗೇಟ್ ಹತ್ತಿರ ಕಾದು ಕಾದು ಸಾಕಾದ ಕಥೆ ಇಲ್ಲಿನ ಹಳಬರೆಲ್ಲರ ಹತ್ತಿರ ಇದೆ. ಜೋರು ಮಳೆ ಬಂದರೆ ರೈಲ್ವೆ ಕೆಳಸೇತುವೆಗಳಲ್ಲಿ ನೀರು ನಿಲ್ಲುತ್ತದೆ. ಎಷ್ಟು ಆಳ ಅಂತ ಗೊತ್ತಾಗಲ್ಲ. ಗಾಡಿ ಇಳಿಸಲೇಬೇಡಿ, ಸುತ್ತು ಹಾಕಿದರೂ ಪರವಾಗಿಲ್ಲ.

ಮನೆ, ಶಾಲೆ ಒಂದೇ ಕಡೆ ಸಿಕ್ಕರೆ ಬಾಡಿಗೆ ಸ್ವಲ್ಪ ಜಾಸ್ತಿಯಾದರೂ ಹಿಡಿಯಿರಿ. ಆ ದುಡ್ಡು ಪೆಟ್ರೋಲಿನಲ್ಲೇ ಉಳಿಯುತ್ತದೆ, ಮಕ್ಕಳಿಗೂ ಅರ್ಧ ಗಂಟೆ ನಿದ್ದೆ ಹೆಚ್ಚು ಸಿಗುತ್ತದೆ.

ಇಲ್ಲಿ ಬಹಳ ಜನ ಸ್ವಂತ ಗಾಡಿಯನ್ನೇ ನಂಬಿದ್ದಾರೆ. ಆದರೂ ಹರಿಹರಕ್ಕೋ, ಹೊಳೆ ಆಚೆ ಕುಮಾರಪಟ್ಟಣಂ ಕಾರ್ಖಾನೆಗೋ ಹೋಗುವವರು ಸುಮ್ನೆ ಬಸ್ ಹಿಡಿಯಿರಿ. ಸರ್ಕಾರಿ ಬಸ್ಸೂ ಇವೆ, ಖಾಸಗಿ ಬಸ್ಸೂ ಇವೆ. ಹೆಣ್ಣುಮಕ್ಕಳು ಹತ್ತುವ ಮುಂಚೆ ಬಸ್ ಯಾವುದು ನೋಡಿಕೊಳ್ಳಿ: 2023ರ ಜೂನ್‌ನಲ್ಲಿ ಶುರುವಾದ ಶಕ್ತಿ ಯೋಜನೆಯ ಉಚಿತ ಟಿಕೆಟ್ ಸರ್ಕಾರಿ ಬಸ್ಸಿಗೆ ಮಾತ್ರ. ಕರ್ನಾಟಕದ ವಿಳಾಸ ಇರುವ ಗುರುತಿನ ಚೀಟಿ ತೋರಿಸಬೇಕು. ಹೊರ ರಾಜ್ಯದಿಂದ ಬಂದಿದ್ದರೆ ಆಧಾರ್ ವಿಳಾಸ ಬದಲಿಸುವ ಕೆಲಸ ಮೊದಲು ಮುಗಿಸಿ. ವಿಶ್ವವಿದ್ಯಾಲಯ ಇರುವುದು ಊರ ಹೊರಗೆ, ತೋಳಹುಣಸೆಯಲ್ಲಿ. ಅಲ್ಲಿ ಸೀಟು ಸಿಕ್ಕ ಮಕ್ಕಳಿಗೆ ಬಸ್ ಪಾಸ್ ಮಾಡಿಸಿ.

ಬೈಪಾಸ್ ಅಂದರೆ ರಾಷ್ಟ್ರೀಯ ಹೆದ್ದಾರಿ 48, ಪುಣೆ–ಬೆಂಗಳೂರು ಲಾರಿಗಳೆಲ್ಲ ಅಲ್ಲೇ. ಸುತ್ತು ಉಳಿಯುತ್ತದೆ ಅಂತ ಸರ್ವಿಸ್ ರಸ್ತೆಯಲ್ಲಿ ಎದುರು ದಿಕ್ಕಿಗೆ ಬೈಕ್ ನುಗ್ಗಿಸುವವರು ಕಾಣುತ್ತಾರೆ. ದಯವಿಟ್ಟು ನೀವು ಅದನ್ನು ಕಲಿಯಬೇಡಿ. ಹಿಂದೆ ಕೂತವರಿಗೂ ಹೆಲ್ಮೆಟ್ ಹಾಕಿಸಿ.

ಎರಡು ವರ್ಷಕ್ಕೊಮ್ಮೆ ದುಗ್ಗಮ್ಮನ ಜಾತ್ರೆ. ಆಗ ಹಳೇ ಊರಿನೊಳಗೆ ಕಾರು ಒಯ್ಯಬೇಡಿ. ಹಳಿಯ ಪಿ.ಬಿ. ರಸ್ತೆ ಕಡೆಯೇ ನಿಲ್ಲಿಸಿ, ಮಕ್ಕಳ ಕೈ ಹಿಡಿದು ನಡೆದೇ ಹೋಗಿ.