ಎಂಟು ಬಾಟಲಿ

ರೇಸಿನ ಹಿಂದಿನ ದಿನ ಹೋಟೆಲ್ ರೂಮಿನ ನೆಲದ ಮೇಲೆ ಎಂಟು ಬಾಟಲಿ ಸಾಲಾಗಿ ಇಟ್ಟುಕೊಂಡು ಕೂತಿದ್ದೆ. ಒಂದೊಂದಕ್ಕೂ 150 ಎಂಎಲ್ ನೀರು, ಅಳೆದ ಗ್ಲೂಕೋಸ್ ಪುಡಿ, ಚಿಟಿಕೆ ಉಪ್ಪು. ಮುಚ್ಚಳದ ಮೇಲೆ ಮಾರ್ಕರ್‌ನಲ್ಲಿ 5, 10, 15 ಅಂತ 40ರ ತನಕ ಬರೆದೆ. ಎಲೀಟ್, ಅಂದ್ರೆ ಮುಂಚೂಣಿಯ ಓಟಗಾರರಿಗೆ ಐದೈದು ಕಿಲೋಮೀಟರಿಗೆ ಒಂದು ಟೇಬಲ್ ಇರುತ್ತದೆ. ಬಾಟಲಿ ನಾವೇ ತಯಾರು ಮಾಡಿ ಮುಂಚೆಯೇ ಕೊಟ್ಟುಬಿಡಬೇಕು. ಅಷ್ಟು ವರ್ಷ ರಸ್ತೆ ಬದಿಯಲ್ಲಿ ಯಾರೋ ಚಾಚಿದ ನೀರು ಕುಡಿದು ಓಡಿದವನಿಗೆ ಇದೇ ದೊಡ್ಡ ಬಡ್ತಿ.

ಅದು 2020ರ ಜನವರಿ, ಮುಂಬೈ ಮ್ಯಾರಥಾನ್. ಅದಕ್ಕೆ ಆರು ತಿಂಗಳ ಹಿಂದೆ ಹಾಸನದ ಕಡೆ ಒಂದು ಶಾಲೆಯಲ್ಲಿ ಪಿಟಿ ಮೇಷ್ಟ್ರಾಗಿದ್ದೆ. ಒಂದು ಕಂಪನಿ ತಿಂಗಳಿಗೆ ಇಷ್ಟು ಅಂತ ಕೊಡಲು ಒಪ್ಪಿದ ಮೇಲೆ ಕೆಲಸ ಬಿಟ್ಟು ಬೆಂಗಳೂರಿಗೆ ಬಂದೆ. ವಾರಕ್ಕೆ 160-170 ಕಿಲೋಮೀಟರ್ ಓಟ, ಮಧ್ಯಾಹ್ನ ನಿದ್ದೆ. ಅಮ್ಮನಿಗೆ ಆ ನಿದ್ದೆಯದ್ದೇ ಚಿಂತೆ. "ಸಂಬಳ ತಗೊಂಡು ಮಲಗ್ತಾನೆ" ಅಂತ ಪಕ್ಕದ ಮನೆಯವರ ಹತ್ರ ಹೇಳಿದ್ದಳಂತೆ.

ಬಾಟಲಿ ಕೊಡಲು ಹೋದಾಗ ಬೇರೆಯವರದ್ದು ನೋಡಿದೆ. ಒಬ್ಬನದ್ದಕ್ಕೆ ಬಣ್ಣದ ರಿಬ್ಬನ್, ಇನ್ನೊಬ್ಬನದ್ದಕ್ಕೆ ಪುಟ್ಟ ಬಾವುಟ, ಮತ್ತೊಬ್ಬ ಪ್ಲಾಸ್ಟಿಕ್ ಗುಲಾಬಿ ಕಟ್ಟಿದ್ದ. ಏನಿದು ಹುಟ್ಟುಹಬ್ಬದ ಅಲಂಕಾರ ಅಂತ ಒಳಗೊಳಗೇ ನಕ್ಕೆ. ನಾನು ಅಂಟಿಸಿದ್ದು ಹೆಸರು ಬರೆದ ಬಿಳಿ ಚೀಟಿ, ಅಷ್ಟೇ.

ಸಾಮಾನ್ಯ ಓಟಗಾರರು ಕತ್ತಲಲ್ಲೇ ಹೊರಟುಬಿಡುತ್ತಾರೆ. ಎಲೀಟ್ ಓಟ ಏಳು ಗಂಟೆ ದಾಟಿದ ಮೇಲೆ. ಅಂದ್ರೆ ಬಿಸಿಲಿನ ಪಾಲು ನಮಗೇ ಜಾಸ್ತಿ. ಬೆಂಗಳೂರಿನ ಒಣ ಗಾಳಿಗೆ ಒಗ್ಗಿದ ಮೈ, ಸಿಎಸ್‌ಎಂಟಿ ರೈಲು ನಿಲ್ದಾಣದ ಮುಂದೆ ವಾರ್ಮ್ ಅಪ್ ಮಾಡುವಾಗಲೇ ಬೆವರಿಳಿಸುತ್ತಿತ್ತು.

ನನ್ನ ಗುರಿ 2 ಗಂಟೆ 22 ನಿಮಿಷ. ಕಿಲೋಮೀಟರಿಗೆ 3:22, ಐದು ಕಿಲೋಮೀಟರಿಗೆ 16:50. ನನ್ನ ಕೋಚ್ ಸರ್ ಇದನ್ನು ಅಂಗೈ ಮೇಲೆ ಬರೆಸಿದ್ದರು. ಆದರೂ ಮೊದಲ ಐದು 16:20ಕ್ಕೆ ಮುಗಿಸಿದೆ. ಮುಂದೆ ಆರ್ಮಿ ಹುಡುಗರ ಗುಂಪು ಹೋಗುತ್ತಿತ್ತು, ಬಿಡಲು ಮನಸ್ಸು ಬರಲಿಲ್ಲ. ಪೆಡ್ಡರ್ ರೋಡಿನ ಏರು ಹತ್ತಿದ್ದು ಗೊತ್ತೇ ಆಗಲಿಲ್ಲ.

5 ಮತ್ತು 10ರಲ್ಲಿ ಬಾಟಲಿ ಸಿಕ್ಕಿತು. 15ರಲ್ಲಿ ತಡವಾಗಿ ಕಂಡಿತು, ಬೆರಳು ತಾಗಿ ಉರುಳಿತು. ಗಂಟೆಗೆ 18 ಕಿಲೋಮೀಟರ್ ವೇಗದಲ್ಲಿ ಒಂದು ಟೇಬಲ್ ಕಣ್ಣ ಮುಂದೆ ಇರುವುದು ಒಂದೇ ಕ್ಷಣ. 25ರಲ್ಲಿ ಹುಡುಕಿದೆ. ಬಿಳಿ, ಬಿಳಿ, ಬಿಳಿ, ಗುಲಾಬಿ, ಬಿಳಿ. ಅಷ್ಟರಲ್ಲಿ ಟೇಬಲ್ ಹಿಂದಕ್ಕೆ ಹೋಗಿತ್ತು. 30ರಲ್ಲೂ ಅದೇ ಕಥೆ. ನಿಂತು ಹುಡುಕಿದ್ದರೆ ಹತ್ತು ಸೆಕೆಂಡ್ ಹೋಗುತ್ತಿತ್ತು. ಆ ಹತ್ತು ಸೆಕೆಂಡ್ ಉಳಿಸಿದೆ ನೋಡಿ, ಅದೇ ದಡ್ಡತನ.

ಅರ್ಧ ದಾರಿ 1:09:50ಕ್ಕೆ ದಾಟಿದ್ದೆ. ಆಗಿನ ಖುಷಿ 33ರವರೆಗೆ ಬಂತು. ಮೈಯಲ್ಲಿ ಕೂಡಿಟ್ಟ ಗ್ಲೈಕೋಜನ್, ಅಂದ್ರೆ ಸಕ್ಕರೆಯ ದಾಸ್ತಾನು, ಸುಮಾರು 30 ಕಿಲೋಮೀಟರಿಗೆ ಖಾಲಿಯಾಗುತ್ತಾ ಬರುತ್ತದೆ ಅಂತ ಶಾಲೆ ಮಕ್ಕಳಿಗೆ ನಾನೇ ಹೇಳುತ್ತಿದ್ದೆ. ಮೊದಲು ಕೈಬೆರಳು ತಣ್ಣಗಾಯಿತು, ಆಮೇಲೆ ಲೆಕ್ಕ ತಪ್ಪತೊಡಗಿತು. ಇನ್ನು ಎಷ್ಟು ಉಳಿದಿದೆ ಅಂತ ಮೂರು ಸಲ ಕಳೆದೆ, ಮೂರು ಉತ್ತರ ಬಂತು.

ವಾಪಸ್ ಬರುವಾಗ ಅದೇ ಪೆಡ್ಡರ್ ರೋಡ್. ಒಂದು ಕಿಲೋಮೀಟರಿಗೆ 4:25 ಹಿಡಿಯಿತು. ಪಕ್ಕದಲ್ಲಿ ಬೆಳಗಿನ ಜಾವ ಹೊರಟವರು ನಡೆಯುತ್ತಿದ್ದರು. ಫುಟ್‌ಪಾತಿನಲ್ಲಿ ಒಬ್ಬ ಅಜ್ಜಿ ಸ್ಟೀಲ್ ತಟ್ಟೆಯಲ್ಲಿ ಕಿತ್ತಳೆ ತೊಳೆ ಹಿಡಿದು ನಿಂತಿದ್ದರು. ನನ್ನ ಮುಖ ನೋಡಿ ಎರಡು ಹೆಜ್ಜೆ ಮುಂದೆ ಬಂದು ತಟ್ಟೆ ಚಾಚಿದರು. ಹಿಂದಿನ ವರ್ಷವಾಗಿದ್ದರೆ ಹಿಡಿ ತುಂಬ ತೆಗೆದುಕೊಳ್ಳುತ್ತಿದ್ದೆ. ಎಲೀಟ್‌ನಲ್ಲಿ ಅಧಿಕೃತ ಟೇಬಲ್ ಬಿಟ್ಟು ಬೇರೆಲ್ಲೂ ಏನೂ ತೆಗೆದುಕೊಳ್ಳುವ ಹಾಗಿಲ್ಲ. ತಲೆ ಅಲ್ಲಾಡಿಸಿದೆ. ಅಜ್ಜಿಗೆ ಬೇಜಾರಾಯಿತು ಅನ್ನಿಸುತ್ತದೆ. ನನಗಂತೂ ಅಳು ಬಂತು.

2:27:19ಕ್ಕೆ ಮುಗಿಸಿದೆ. ಭಾರತೀಯರಲ್ಲಿ ಮೊದಲು ಬಂದ ಶ್ರೀನು ಬುಗಥ ಅವರದ್ದು 2:18:44. ಒಟ್ಟಾರೆ ಗೆದ್ದದ್ದು ಇಥಿಯೋಪಿಯಾದ ಡೆರಾರಾ ಹುರಿಸಾ, 2:08:09, ಆಗಿನ ಕೂಟ ದಾಖಲೆ. ಅದೂ ಸಾಲ ತಂದ ಶೂ ಹಾಕಿಕೊಂಡು! ಅವರದ್ದು ಪ್ರಯಾಣದಲ್ಲಿ ಕಳೆದುಹೋಗಿತ್ತಂತೆ. ಅದನ್ನು ಕೇಳಿದ ಮೇಲೆ ಬಾಟಲಿ ಸಿಗಲಿಲ್ಲ ಅಂತ ಯಾರ ಮುಂದೆಯೂ ಹೇಳಲು ಬಾಯಿ ಬರಲಿಲ್ಲ.

ಸರ್‌ಗೆ ಫೋನ್ ಮಾಡಿದೆ. ಟೈಮ್ ಅವರಿಗೆ ಆಗಲೇ ಗೊತ್ತಿತ್ತು.

"ಎಷ್ಟು ಬಾಟಲಿ ಸಿಕ್ತಪ್ಪಾ?"

"ಐದು, ಸರ್."

"ಹೂಂ" ಅಂದರು. ಒಂದು ನಿಮಿಷ ಮಾತಿಲ್ಲ. "ಊರಿಗೆ ಹೋಗಿ ನಾಲ್ಕು ದಿನ ಇದ್ದು ಬಾ."

ಅಮ್ಮ ಸೀರೆಗೆ ಕುಚ್ಚು ಕಟ್ಟುತ್ತಾಳೆ. ಬಾಟಲಿ ಕಥೆ ಕೇಳಿ, ನಕ್ಕು, ಮಿಕ್ಕಿದ್ದ ಕಿತ್ತಳೆ ಬಣ್ಣದ ರೇಷ್ಮೆ ದಾರದಲ್ಲಿ ಎಂಟು ದಪ್ಪ ಕುಚ್ಚು ಮಾಡಿಕೊಟ್ಟಳು. ಬೆಂಗಳೂರಿಗೆ ಬಂದ ಮೇಲೆ ಗುರುವಾರದ ಓಟಕ್ಕೆ ಒಂದು ಪ್ಲಾಸ್ಟಿಕ್ ಸ್ಟೂಲ್ ಹೊತ್ತುಕೊಂಡು ಹೋಗತೊಡಗಿದೆ. ಅದರ ಮೇಲೆ ಹತ್ತು ಬಾಟಲಿ, ಒಂದಕ್ಕೆ ಮಾತ್ರ ಕುಚ್ಚು. 3:20ರ ವೇಗದಲ್ಲಿ ಬಂದು, ಸ್ಟೂಲ್ ಬೀಳಿಸದೆ ಅದನ್ನು ಎತ್ತಬೇಕು. ಮೊದಲ ಗುರುವಾರ ಸ್ಟೂಲ್ ನಾಲ್ಕು ಸಲ ಬಿತ್ತು.